ನರ್ಸ್ ನೋಟು, ಮೆಡಿಕಲ್ ಶಾಪ್ ಬಿಲ್ಲು, ಕ್ಯಾಲೆಂಡರಿನ ಹಿಂಬದಿ: ಒಂದು ಆಸ್ಪತ್ರೆ ಕೇಸು ನಡೆಸಿದ ನನ್ನ ಅನುಭವ

ಶಿರಸಿಯ ವಕೀಲನ ಟೇಬಲ್ ಮೇಲೆ ಇರುವುದು ಹಿಸ್ಸೆ ಪಾಲು, ಸೊಪ್ಪಿನ ಬೆಟ್ಟದ ತಕರಾರು, ಅತಿಕ್ರಮಣ, ಚೆಕ್ ಬೌನ್ಸ್. ಇದರ ನಡುವೆ ಆಸ್ಪತ್ರೆ ಮೇಲಿನ ಕೇಸು ಹಿಡಿದರೆ ಬಾರ್ ರೂಮಿನಲ್ಲಿ ನಗುತ್ತಾರೆ. ನನ್ನನ್ನು ನೋಡಿಯೂ ನಕ್ಕರು. "ಒಬ್ಬ ಡಾಕ್ಟ್ರು ಇನ್ನೊಬ್ಬ ಡಾಕ್ಟ್ರ ಮೇಲೆ ಬರೆದು ಕೊಡ್ತಾನಾ ಮಾರಾಯ? ಪಾರ್ಟಿ ದುಡ್ಡು ಹಾಳು ಮಾಡಬೇಡ" ಅಂದರು ನಮ್ಮ ಹಿರಿಯರೊಬ್ಬರು. ಅವರು ಹೇಳಿದ್ದು ತಪ್ಪೇನಲ್ಲ. ಅದಕ್ಕೂ ಮೊದಲು ಅಂಥ ಮೂರು ಕೇಸು ಕೈಗೆ ತಗೊಂಡು ಮೂರರಲ್ಲೂ ನೆಲಕಚ್ಚಿದ್ದೆ. ನಾಲ್ಕನೇದು ಗೆದ್ದಿದ್ದೇನೆ. ಅದಕ್ಕೇ ಈ ಬರಹ.

ಸೋತಿದ್ದು ಮೊದಲು ಹೇಳುತ್ತೇನೆ, ಅದರಲ್ಲೇ ಕಲಿತಿದ್ದು ಜಾಸ್ತಿ.

ಮೊದಲನೇದರಲ್ಲಿ ಮನೆಯವರು ನನ್ನ ಹತ್ತಿರ ಬರುವ ಮೊದಲೇ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದರು. ಎಫ್‌ಐಆರ್ ಆದರೆ ಆಸ್ಪತ್ರೆ ಹೆದರುತ್ತದೆ ಅಂತ ಯಾರೋ ಹೇಳಿದ್ದರಂತೆ. 2005ರಲ್ಲಿ ಸುಪ್ರೀಂ ಕೋರ್ಟಿನ ಜೇಕಬ್ ಮ್ಯಾಥ್ಯೂ ತೀರ್ಪು ಬಂದ ಮೇಲೆ ಪೊಲೀಸರು ಸುಮ್ನೆ ಡಾಕ್ಟರ ಮೇಲೆ ಮುಂದುವರಿಯುವುದಿಲ್ಲ, ಸರ್ಕಾರಿ ವೈದ್ಯರ ಅಭಿಪ್ರಾಯ ಕೇಳುತ್ತಾರೆ. ಕೇಳಿದರು. "ಇದು ಈ ಶಸ್ತ್ರಚಿಕಿತ್ಸೆಯಲ್ಲಿ ಆಗಬಹುದಾದ ತೊಡಕು, ಘೋರ ನಿರ್ಲಕ್ಷ್ಯ ಕಾಣುವುದಿಲ್ಲ" ಅಂತ ಎರಡು ಸಾಲಿನ ಪತ್ರ ಬಂತು. ಆಮೇಲೆ ಪರಿಹಾರ ಕೇಳಿ ನಾವು ಗ್ರಾಹಕ ಆಯೋಗಕ್ಕೆ ಹೋದಾಗ ಆಸ್ಪತ್ರೆ ವಕೀಲರು ಅದೇ ಪತ್ರವನ್ನು ಅಲ್ಲಿ ಹಾಜರುಪಡಿಸಿದರು. ಎದುರಾಳಿಗೆ ಸಾಕ್ಷಿ ಮಾಡಿಕೊಟ್ಟವರು ನಾವೇ.

ಎರಡನೇದು ಅವಧಿಯಲ್ಲಿ ಸತ್ತಿತು. ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಟ್ಟು, ಅಲ್ಲಿಂದ ಉತ್ತರ ಬರಲಿ ಅಂತ ಕಾದೆವು. ಗ್ರಾಹಕ ದೂರು ಹಾಕಲು ಇರುವ ಎರಡು ವರ್ಷದ ಅವಧಿ ದಾಟಿ ಸುಮಾರು 40 ದಿನ ಆಗಿತ್ತು. ವಿಳಂಬ ಮನ್ನಾ ಅರ್ಜಿ ಹಾಕಿದೆ, ನಿಲ್ಲಲಿಲ್ಲ. ಮೂರನೇದರಲ್ಲಿ ರೋಗಿಯ ತಮ್ಮ ಐಸಿಯು ಬಾಗಿಲಿನ ಗಾಜು ಒಡೆದಿದ್ದ. ಆಸ್ಪತ್ರೆ ಮೇಲಿನ ಹಲ್ಲೆಗೆಂದೇ 2009ರ ಕಾಯ್ದೆ ಇದೆಯಲ್ಲ, ಮೂರು ವರ್ಷದವರೆಗೆ ಶಿಕ್ಷೆ. ಕೊನೆಗೆ ಅವನ ಕೇಸು ವಾಪಸ್ ತೆಗೆಸಲು ನಮ್ಮ ಕೇಸನ್ನೇ ಬಿಟ್ಟುಕೊಟ್ಟೆವು. ಒಂದು ಗಾಜಿಗೆ ಹೋದ ಕೇಸು ಅದು.

ಈಗ ನಾಲ್ಕನೇದು. ತೋಟದ ಯಜಮಾನರೊಬ್ಬರು, ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ಮನೆ. ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ನಮ್ಮ ಜಿಲ್ಲೆಯವರ ಹಾಡು ಗೊತ್ತಲ್ಲ, ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲಾ ಗೋವಾ. ಇವರೂ ಹೊರಜಿಲ್ಲೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದರು. 2022ರ ನವೆಂಬರ್‌ನ ಒಂದು ಸೋಮವಾರ ಬೆಳಿಗ್ಗೆ ಲ್ಯಾಪ್ರೋಸ್ಕೋಪಿ ಆಯಿತು. ಪಿತ್ತನಾಳಕ್ಕೆ ಏಟು ಬಿದ್ದಿತ್ತು. ಅದು ಗೊತ್ತಾಗಿದ್ದು ಶುಕ್ರವಾರ, ಸ್ಕ್ಯಾನ್ ಮಾಡಿದ ಮೇಲೆ. ಅಷ್ಟರಲ್ಲಿ ಹೊಟ್ಟೆಯಲ್ಲಿ ಪಿತ್ತ ತುಂಬಿ ಸೋಂಕು ಹತ್ತಿತ್ತು. ಬೇರೆ ಆಸ್ಪತ್ರೆಗೆ ಒಯ್ದರು. ಎರಡು ತಿಂಗಳು ಪೈಪು ಹಾಕಿಕೊಂಡು ಇದ್ದು, ಆಮೇಲೆ ನಾಳವನ್ನು ಕರುಳಿಗೆ ಜೋಡಿಸುವ ದೊಡ್ಡ ಆಪರೇಷನ್. ಮೊದಲ ಬಿಲ್ಲು 78 ಸಾವಿರ ಇರಬೇಕು. ಸರಿಮಾಡಿಸಲು ಹೋಗಿದ್ದು ಆರು ಲಕ್ಷದ ಮೇಲೆ. ಆ ವರ್ಷದ ಅಡಿಕೆ ಪೂರ್ತಿ ಅದಕ್ಕೇ.

ಯಜಮಾನರು ಬಂದು ಕೂತು ಒಂದೇ ಮಾತು ಕೇಳಿದರು: "ಎಂತ ಮಾಡವು ವಕೀಲ್ರೇ?" ಮಗಳು ಮಾತ್ರ ಕೆಂಡವಾಗಿದ್ದಳು. ಆಪರೇಷನ್ ಮಾಡಿದವರನ್ನು ಜೈಲಿಗೆ ಕಳಿಸಬೇಕು ಅಂತ ಅವಳ ಹಟ. ಅವಳನ್ನು ಸಮಾಧಾನ ಮಾಡಲು ಎರಡು ಸಿಟ್ಟಿಂಗ್ ಬೇಕಾಯಿತು.

ನಾನು ಆ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ. ನಾಳ ಕತ್ತರಿಸಿದ್ದು ತಪ್ಪು ಅಂತ ವಾದಿಸುವುದೇ ಇಲ್ಲ. ಒಳ್ಳೆಯ ಸರ್ಜನ್ ಕೈಯಲ್ಲೂ ಅಪರೂಪಕ್ಕೆ ಆಗುವಂಥದ್ದು ಅದು. ಅದನ್ನು ಹಿಡಿದರೆ ಅವರು ಪುಸ್ತಕ ತೆಗೆದು "ತಿಳಿದಿರುವ ತೊಡಕು" ಅಂತ ಓದುತ್ತಾರೆ, ನಮ್ಮ ಕಥೆ ಮುಗೀತು. ಆಗಿದ್ದನ್ನು ಯಾವಾಗ ನೋಡಿದರು, ನೋಡಿದ ಮೇಲೆ ಏನು ಮಾಡಿದರು, ಅಷ್ಟೇ ಕೇಳಬೇಕು. ಇದನ್ನು ಹೇಳಿದಾಗ ನಮ್ಮ ಹಿರಿಯರು, "ಮುಖ್ಯ ತಪ್ಪೇ ಬಿಟ್ಟುಬಿಟ್ಟೆಯಲ್ಲೋ" ಅಂದರು.

ದಾಖಲೆ ತರಿಸುವುದೇ ಅರ್ಧ ಯುದ್ಧ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ನಿಯಮ ಇದೆ, ಆದರೆ "ಕೇಸ್ ಶೀಟ್ ಕೊಡಿ" ಅಂದರೆ ಡಿಸ್ಚಾರ್ಜ್ ಸಮ್ಮರಿ ಜೆರಾಕ್ಸ್ ಮಾಡಿ ಕೈಗೆ ಕೊಡುತ್ತಾರೆ. ನನಗೂ ಹಾಗೇ ಆಯಿತು. ಎರಡನೇ ಸಲ ಹೆಸರು ಹೆಸರಾಗಿ ಬರೆಸಿದೆ: ನರ್ಸ್ ನೋಟು, ಜ್ವರ-ಪಲ್ಸಿನ ಚಾರ್ಟು, ಡ್ರೈನ್ (ಹೊಟ್ಟೆಯೊಳಗಿನ ನೀರು ಹೊರಗೆ ಬರಲು ಹಾಕುವ ಪೈಪು) ಅಳತೆಯ ಚಾರ್ಟು, ಡ್ರಗ್ ಚಾರ್ಟು, ಆಪರೇಷನ್ ನೋಟು, ಅನಸ್ತೇಷಿಯಾ ನೋಟು, ಕನ್ಸೆಂಟ್ ಫಾರ್ಮು, ಆಪರೇಷನ್ ವೀಡಿಯೋ. ಪತ್ರ ವಕೀಲರ ನೋಟಿಸ್ ಆಗಿರಲಿಲ್ಲ. ಯಜಮಾನರ ಕೈಬರಹದಲ್ಲಿ, ಕನ್ನಡದಲ್ಲಿ, "ಮುಂದಿನ ಚಿಕಿತ್ಸೆಗೆ ಬೇಕು" ಅಂತ. ಅದು ಸುಳ್ಳೂ ಅಲ್ಲ, ಮುಂದಿನ ಆಸ್ಪತ್ರೆಯವರು ಕೇಳುತ್ತಲೇ ಇದ್ದರು. ಹದಿನೈದು ದಿನದಲ್ಲಿ 140 ಪುಟ ಬಂತು. ವೀಡಿಯೋ ಮಾತ್ರ "ರೆಕಾರ್ಡ್ ಆಗಿಲ್ಲ".

ಆ 140 ಪುಟವನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಮಾಡಿದೆ. ಯಜಮಾನರಿಗೆ ಅರ್ಥವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಕಣ್ಣಿಗೆ ಹಿಡಿಯಲಿಲ್ಲ. ಕೊನೆಗೆ ಅವರ ಮನೆ ಜಗಲಿಯಲ್ಲಿ ಸೊಸೈಟಿಯ ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟು, ಸ್ಕೇಲಿನಲ್ಲಿ ಗಂಟೆ ಗಂಟೆಗೆ ಗೆರೆ ಎಳೆದೆವು. ನೀಲಿ ಪೆನ್ನಲ್ಲಿ ನರ್ಸ್ ಬರೆದಿದ್ದು, ಕಪ್ಪಲ್ಲಿ ಡಾಕ್ಟರು ಬರೆದಿದ್ದು, ಹಸಿರಲ್ಲಿ ಲ್ಯಾಬ್ ರಿಪೋರ್ಟಿನ ಸಮಯ, ಕೆಂಪಲ್ಲಿ ಮೆಡಿಕಲ್ ಶಾಪ್ ಬಿಲ್ಲಿನ ಸಮಯ. ಈ ಕೆಂಪು ಪೆನ್ನು ನನ್ನ ಐಡಿಯಾ, ಸ್ವಲ್ಪ ಹೆಮ್ಮೆ ಇದೆ. ಕೇಸ್ ಶೀಟನ್ನು ಆಮೇಲೆ ಕೂತು ಚೆನ್ನಾಗಿ ಬರೆಯಬಹುದು, ಬಿಲ್ಲಿಂಗ್ ಮೆಷಿನ್ನು ಯಾರ ಮಾತೂ ಕೇಳುವುದಿಲ್ಲ. ಬಿಲ್ಲುಗಳು ಎಲ್ಲಿದ್ದವು ಗೊತ್ತಾ? ಅಡುಗೆಮನೆ ಗೋಡೆಯ ತಂತಿಗೆ, ಕರೆಂಟ್ ಬಿಲ್ಲಿನ ಜೊತೆ ಸಿಕ್ಕಿಸಿ ಇಟ್ಟಿದ್ದರು. ಎರಡು ಬಿಲ್ಲು ಹೊಗೆಗೆ ಮಾಸಿ ಓದಲಾಗಲಿಲ್ಲ.

ಸಂಜೆ ಹೊತ್ತಿಗೆ ಹಾಳೆ ಮೇಲೆ ಕಥೆ ಎದ್ದು ಕೂತಿತು. ಮಂಗಳವಾರ ಬೆಳಿಗ್ಗೆ ಪಲ್ಸ್ 88. ಸಂಜೆ 104. ರಾತ್ರಿ 11.40ಕ್ಕೆ ಮಗಳು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದು, "ಪೈಪಲ್ಲಿ ಹಸಿರು ನೀರು ಬರ್ತಾ ಇದ್ದು". ಅದೇ ರಾತ್ರಿಯ ನರ್ಸ್ ನೋಟಿನಲ್ಲಿ ಡ್ರೈನಿನ ಬಣ್ಣ ಬರೆದ ಜಾಗದಲ್ಲಿ ಗೀಚಿ ಮೇಲೆ ಬೇರೆ ಬರೆದಿದೆ. ಬುಧವಾರ ಬೆಳಿಗ್ಗೆ ಡಾಕ್ಟರ ನೋಟು: ರೋಗಿ ಆರಾಮಾಗಿದ್ದಾರೆ. ಬುಧವಾರ ಮಧ್ಯಾಹ್ನ 2.15ರ ಬಿಲ್ಲಿನಲ್ಲಿ ಮೆರೋಪೆನೆಮ್. ಆರಾಮಾಗಿ ಇರುವವರಿಗೆ ಅಷ್ಟು ದೊಡ್ಡ ಆಂಟಿಬಯಾಟಿಕ್ ಯಾಕೆ? ಡಾಕ್ಟರ ನೋಟಿನಲ್ಲಿ ಆ ಔಷಧದ ಹೆಸರು ಮೊದಲು ಬರುವುದು ಶುಕ್ರವಾರ, ಸ್ಕ್ಯಾನ್ ಆದ ಮೇಲೆ. ಅಂದರೆ ಬುಧವಾರವೇ ಯಾರಿಗೋ ಅನುಮಾನ ಬಂದಿತ್ತು. ಹಸಿರು ನೀರು, ಅಂದರೆ ಪಿತ್ತ, ಕಂಡಲ್ಲಿಂದ ಸ್ಕ್ಯಾನ್‌ವರೆಗೆ 58 ಗಂಟೆ. ಯಜಮಾನರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದರು. ಒಳಗಿಂದ ಅವರ ಹೆಂಡತಿ, ನಾನು ಅಕ್ಕ ಅಂತಲೇ ಕರೆಯುವುದು, ಚಹಾ ತಂದಿಟ್ಟು ಹಾಳೆ ನೋಡದೇ ಹೋದರು.

ತಜ್ಞರ ವಿಷಯ. ಸುಪ್ರೀಂ ಕೋರ್ಟಿನ 2010ರ ಕಿಶನ್ ರಾವ್ ತೀರ್ಪು ಇದೆ, ಎಲ್ಲಾ ಕೇಸಿಗೂ ತಜ್ಞರು ಬೇಕಿಲ್ಲ ಅಂತ. ಅದನ್ನೇ ನಂಬಿ ಕೂರಬೇಡಿ. ನಾನು ಆರು ಜನರ ಹತ್ತಿರ ಹೋದೆ. ಐವರು ಊಟ ಹಾಕಿ ಕಳಿಸಿದರು, ಅಭಿಪ್ರಾಯ ಕೊಡಲಿಲ್ಲ. ಆರನೆಯವರು, ನಿವೃತ್ತ ಸರ್ಜನ್, ಕ್ಯಾಲೆಂಡರ್ ಹಾಳೆ ನೋಡಿ ಒಂದೂವರೆ ಪುಟ ಬರೆದುಕೊಟ್ಟರು. 25 ಸಾವಿರ ತಗೊಂಡರು, ಜಾಸ್ತಿ ಅಲ್ಲ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ಇಲ್ಲಿ ಬೇಡ. ಒಂದೇ ಸುಳಿವು: ಸರ್ಜನ್ ತಪ್ಪು ಮಾಡಿದ್ದಾರಾ ಅಂತ ನಾನು ಕೇಳಲೇ ಇಲ್ಲ.

2023ರ ಅಕ್ಟೋಬರ್‌ನಲ್ಲಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದೆ. ಹಳೇ ಕಾಯ್ದೆ ಆಗಿದ್ದರೆ ಆಸ್ಪತ್ರೆ ಇರುವ ಜಿಲ್ಲೆಗೇ ಅಲೆಯಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ಇರುವ ಜಾಗದಲ್ಲೂ ಹಾಕಬಹುದು. ಹೊರಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವ ನಮ್ಮ ಜಿಲ್ಲೆಯವರಿಗೆ ಇದು ದೊಡ್ಡ ಅನುಕೂಲ. ಆದರೂ ನಮ್ಮಲ್ಲೇ ಎಷ್ಟೋ ಜನ ಇನ್ನೂ ಹಳೇ ಲೆಕ್ಕದಲ್ಲೇ ಇದ್ದಾರೆ. ಈ ಆಸ್ಪತ್ರೆಗೆ ಕೊಟ್ಟ ಬಿಲ್ಲು ಐದು ಲಕ್ಷದೊಳಗೆ ಇದ್ದಿದ್ದರಿಂದ ಶುಲ್ಕವೂ ಇಲ್ಲ. ಕೇಳಿದ್ದು 19 ಲಕ್ಷ. ಪಾರ್ಟಿ ಮಾಡಿದ್ದು ಇಬ್ಬರನ್ನು ಮಾತ್ರ, ಆಸ್ಪತ್ರೆ ಮತ್ತು ಸರ್ಜನ್. ಮೊದಲ ಕೇಸಿನಲ್ಲಿ ಆರು ಜನರನ್ನು ಎಳೆದು ನೋಟಿಸ್ ಜಾರಿಗೇ ಒಂದು ವರ್ಷ ಕಳೆದಿದ್ದೆ.

ಸರ್ಜನ್ ಅವಧಿಯೊಳಗೆ ಉತ್ತರ ಹಾಕಿದರು. ಆಸ್ಪತ್ರೆಯದು ಐವತ್ತು ದಿನದ ಹತ್ತಿರ ಬಂತು. 30 ದಿನ, ಮೇಲೆ 15, ಒಟ್ಟು 45 ದಾಟಿದರೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ 2020ರಲ್ಲೇ ಹೇಳಿದೆ. ಅವರ ಉತ್ತರ ದಾಖಲೆಗೆ ಹೋಗಲಿಲ್ಲ. ಇದು ನನ್ನ ಜಾಣತನ ಅಲ್ಲ, ಅದೃಷ್ಟ. ಸರ್ಜನ್‌ಗೆ 11 ಲಿಖಿತ ಪ್ರಶ್ನೆ ಹಾಕಿದೆ. ಒಂದನ್ನು ಹೇಳುತ್ತೇನೆ: "ಬುಧವಾರ ಬೆಳಿಗ್ಗೆ ಡ್ರೈನ್ ಬ್ಯಾಗ್ ನೋಡಿದಿರಾ? ನೋಡಿದ್ದರೆ ಬಣ್ಣ ಎಲ್ಲಿ ಬರೆದಿದ್ದೀರಿ?" ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ಉಳಿದ ಹತ್ತು ನನ್ನ ಹೊಟ್ಟೆಪಾಡು, ಬಿಡಿ.

2024ರ ಜುಲೈ 16ಕ್ಕೆ ಶಿರೂರು ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ ಅದೇ ವಾರ ನಮ್ಮ ತಾರೀಖು. ಕುಮಟಾ ಮೇಲೆ ಹೋಗುವ ಹಾಗಿಲ್ಲ. ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಕಾರವಾರ ಮುಟ್ಟಿದೆ. ಯಜಮಾನರು ದಾರಿಯುದ್ದಕ್ಕೂ ಮಾತಾಡಲಿಲ್ಲ, ಅಂಕೋಲಾದಲ್ಲಿ ಸಾಲಾಗಿ ನಿಂತ ಲಾರಿ ನೋಡಿ, "ನಮ್ಮದೇನೂ ದೊಡ್ಡದಲ್ಲ ಬಿಡಿ" ಅಂದರು.

ನಡುವೆ ಇದೇ ಹಾಳೆ ವಿದ್ಯೆಯನ್ನು ಬೇರೆ ಕಡೆ ಪ್ರಯೋಗ ಮಾಡಿದೆ. ಹೊನ್ನಾವರ ಕಡೆಯ ಒಂದು ಹೆರಿಗೆ ಪ್ರಕರಣದಲ್ಲಿ ಹಾಳೆ ಚೆನ್ನಾಗಿಯೇ ಬಂತು, ಆದರೆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ, ಉಚಿತ. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನ ಪ್ರಕಾರ ಅದು ಗ್ರಾಹಕ ಕೇಸೇ ಅಲ್ಲ. ಸಿವಿಲ್ ಕೋರ್ಟಿನ ದಾರಿ ಹೇಳಿದೆ, ಅವರು ಮತ್ತೆ ಬರಲಿಲ್ಲ. ಭಟ್ಕಳದ ಒಂದು ಹರ್ನಿಯಾ ಕೇಸಿನಲ್ಲಿ ಹಾಳೆ ತುಂಬಿಸಿ ನೋಡಿದರೆ ಆಸ್ಪತ್ರೆಯವರು ಗಂಟೆ ಗಂಟೆಗೂ ಸರಿಯಾಗಿಯೇ ಮಾಡಿದ್ದಾರೆ! ರಕ್ತ ಕೊಟ್ಟಿದ್ದು, ಸ್ಕ್ಯಾನ್ ಮಾಡಿದ್ದು, ರಾತ್ರಿ ಎರಡಕ್ಕೆ ಮತ್ತೆ ಒಳಗೆ ಒಯ್ದಿದ್ದು, ಎಲ್ಲಾ ಹೊತ್ತಿಗೆ ಸರಿಯಾಗಿ. ಕೇಸು ಬೇಡ ಅಂದೆ. ಮನೆಯವರು "ನೀವೂ ಡಾಕ್ಟ್ರ ಕಡೆಯವರೇ" ಅಂತ ಬೈದು ಬೇರೆ ವಕೀಲರ ಹತ್ತಿರ ಹೋದರು. ಫೀಸೂ ಹೋಯಿತು.

ಆದೇಶ 2025ರ ಆರಂಭದಲ್ಲಿ ಬಂತು. ಚಿಕಿತ್ಸೆ ಖರ್ಚು, ನೋವಿನ ಬಾಬ್ತು ಎಲ್ಲಾ ಸೇರಿ ಎಂಟು ಲಕ್ಷದ ಆಸುಪಾಸು, ಮೇಲೆ ಬಡ್ಡಿ. ಅಪೀಲು ಹೋಗಲು ಅರ್ಧ ದುಡ್ಡು ಕಟ್ಟಬೇಕು. ಕಟ್ಟಿ ಹೋದರು. ಆಗ ಒಂದು ವಿಷಯ ಗೊತ್ತಾಯಿತು. ಸರ್ಜನ್‌ಗೆ ಮೊದಲಿನಿಂದಲೂ ರಾಜಿ ಮಾಡಿಕೊಳ್ಳುವ ಮನಸ್ಸಿತ್ತಂತೆ. ಅವರ ವಿಮೆ ಪಾಲಿಸಿಯಲ್ಲಿ ಕಂಪನಿ ಒಪ್ಪದೇ ತಪ್ಪು ಒಪ್ಪಿಕೊಳ್ಳಬಾರದು ಅಂತ ಷರತ್ತು. ಮೊದಲೇ ಗೊತ್ತಿದ್ದರೆ ವಿಮೆಯವರನ್ನೂ ಪಾರ್ಟಿ ಮಾಡುತ್ತಿದ್ದೆ, ಒಂದು ವರ್ಷ ಉಳಿಯುತ್ತಿತ್ತು. ಕೊನೆಗೆ ಬಡ್ಡಿ ಬಿಟ್ಟು ಎಂಟಕ್ಕೆ ಮುಗಿಸಿದೆವು.

ನಮ್ಮ ಕಡೆಯ ಖರ್ಚು: ತಜ್ಞರಿಗೆ 25, ಜೆರಾಕ್ಸ್-ಟೈಪಿಂಗ್ ಐದಾರು, ಓಡಾಟ ಒಂದು ಹತ್ತು, ನನ್ನ ಫೀಸು 40 ಸಾವಿರ, ಅದೂ ಎರಡು ಕಂತು. ಎರಡನೇ ಕಂತು ಅಡಿಕೆ ಮಾರಿದ ಮೇಲೆ ಬಂತು. ಗೆದ್ದ ಮೊತ್ತದಲ್ಲಿ ಪರ್ಸೆಂಟೇಜ್ ಮಾತಾಡುವ ಹಾಗಿಲ್ಲ, ಮಾತಾಡಲೂ ಇಲ್ಲ. ಅಕ್ಕ ಒಂದು ಗೊನೆ ಮಿಟ್ಲಿ ಬಾಳೆ, ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದರು. ಉಪ್ಪಿನಕಾಯಿಯನ್ನು ನಕ್ಕಿದ್ದ ಹಿರಿಯರ ಊಟದ ಡಬ್ಬಿಗೂ ಸ್ವಲ್ಪ ಹಾಕಿಕೊಟ್ಟೆ. ಮರುವಾರ ಅವರೇ ಒಂದು ಫೈಲು ತಂದು, "ಇದಕ್ಕೂ ನಿನ್ನ ಕ್ಯಾಲೆಂಡರ್ ಮಾಡಿ ನೋಡು" ಅಂದರು. ಮುಂಡಗೋಡ ಕಡೆಯವರದು, ಮಂಡಿ ಆಪರೇಷನ್, 19 ದಿನ ಆಸ್ಪತ್ರೆಯಲ್ಲಿದ್ದವರು. ಒಂದು ಹಾಳೆ ಸಾಲಲಿಲ್ಲ. ಮೂರು ತಿಂಗಳ ಹಾಳೆ ಅಂಟಿಸಿದ್ದೇನೆ, ಇನ್ನೂ ಹತ್ತನೇ ದಿನದಲ್ಲಿದ್ದೇನೆ.