ಆಟಿಸಂ ಇರುವ ವಯಸ್ಕ ಮಕ್ಕಳ ಖರ್ಚಿಗೆ ಕಡಿವಾಣ ಹೇಗೆ?

ಕೊಂಡ ವಸ್ತು ಬೇಕಿತ್ತೋ ಬೇಡವೋ ಎಂಬ ವಾದದಿಂದ ಶುರು ಮಾಡಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹನ್ನೆರಡನೆಯ ಆಟಿಕೆ ರೈಲು ನಿಮಗೆ ಹನ್ನೊಂದನೆಯದರಂತೆಯೇ ಕಾಣಬಹುದು. ಮಗನಿಗೆ ಅದಿಲ್ಲದೆ ಸರಣಿ ಪೂರ್ತಿಯಾಗದು, ಅರ್ಧಕ್ಕೆ ನಿಂತ ಸರಣಿ ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಲೇ ಇರುತ್ತದೆ. ಆಟಿಸಂ ಇರುವ ಹಲವರಿಗೆ ಮುಂದಿನದನ್ನು ಅಂದಾಜಿಸುವುದು, ಎದ್ದ ತುಡಿತವನ್ನು ತಡೆಯುವುದು ಕಷ್ಟ. ಫೋನಿನ ಹಣವಂತೂ ಕಣ್ಣಿಗೆ ಕಾಣದೆಯೇ ಕರಗುತ್ತದೆ. ಬುದ್ಧಿವಾದಕ್ಕಿಂತ ಹಣ ಹರಿಯುವ ದಾರಿಯನ್ನು ಬದಲಿಸುವುದು ಹೆಚ್ಚು ಫಲ ಕೊಡುತ್ತದೆ.

ಮೂರು ತಿಂಗಳ ಲೆಕ್ಕ

ಮಗ ಅಥವಾ ಮಗಳ ಒಪ್ಪಿಗೆ ಪಡೆದು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿಸಿಕೊಳ್ಳಿ. ಅವರು ವಯಸ್ಕರು, ಹಣ ಅವರದು. ಕದ್ದು ನೋಡಿದ್ದು ಗೊತ್ತಾದರೆ ಮುಂದಿನ ಖರೀದಿ ನಿಮ್ಮ ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ. ಇಬ್ಬರೂ ಕೂತು ನಾಲ್ಕು ಬಣ್ಣದಲ್ಲಿ ಗುರುತು ಹಾಕಿ: ಕಟ್ಟಲೇಬೇಕಾದ ಬಿಲ್ಲು, ಇಷ್ಟದ ವಸ್ತು, ತಾನಾಗಿ ಕಡಿತವಾಗುವ ಚಂದಾ, ಬೇರೆಯವರಿಗೆ ಕೊಟ್ಟದ್ದು. ಪ್ರತಿ ಇಷ್ಟದ ಖರೀದಿಯ ಪಕ್ಕ ಅದನ್ನು ಆರ್ಡರ್ ಮಾಡಿದ ಗಂಟೆ ಮತ್ತು ಆ ದಿನ ನಡೆದದ್ದನ್ನು ಬರೆಯಿರಿ.

ಅಲ್ಲಿಗೆ ಕಾರಣ ಹೊರಬೀಳುತ್ತದೆ. ಎಲ್ಲವೂ ರಾತ್ರಿ 11ರ ನಂತರದ್ದಾದರೆ ನಿದ್ದೆಯ ಕಡೆ ನೋಡಬೇಕು. ಗದ್ದಲದ ಕೆಲಸದ ದಿನಗಳಂದೇ ಆದರೆ ಖರೀದಿ ಆತಂಕಕ್ಕೆ ಮದ್ದಾಗಿದೆ. ಬಿಚ್ಚದ ಪೊಟ್ಟಣಗಳು ಮೂಲೆಯಲ್ಲಿ ಬಿದ್ದಿದ್ದರೆ ಆರ್ಡರ್ ಮಾಡುವುದು, ಪಾರ್ಸೆಲ್ ಕಾಯುವುದು, ಇವೇ ಸುಖ, ವಸ್ತು ನೆಪ. ನಾಲ್ಕನೆಯ ಬಣ್ಣ ಜಾಸ್ತಿಯಾಗಿದ್ದರೆ ಆನ್‌ಲೈನ್ ಸ್ನೇಹದ ಹೆಸರಲ್ಲಿ ಯಾರೋ ಹಣ ಕೀಳುತ್ತಿರಬಹುದು. ಅದನ್ನು ಖರ್ಚಿನ ಚಟವೆಂದು ತಿಳಿಯದೆ ವಂಚನೆಯೆಂದೇ ಬೇರೆಯಾಗಿ ನಿಭಾಯಿಸಿ.

ಖರ್ಚು ಇದ್ದಕ್ಕಿದ್ದಂತೆ ಏರಿದ್ದರೆ ಔಷಧಿ ಚೀಟಿಯನ್ನೂ ತೆಗೆದು ನೋಡಿ. ಆಟಿಸಂ ಇರುವವರ ಸಿಡುಕಿಗೆ ಕೊಡುವ ಅರಿಪಿಪ್ರಜೋಲ್ ಎಂಬ ಔಷಧಿಯಿಂದ ತಡೆಯಲಾಗದ ಖರೀದಿ, ಜೂಜಿನ ತುಡಿತ ಹುಟ್ಟಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿತ್ತು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ನಿದ್ದೆ ತೀರಾ ಕಡಿಮೆಯಾಗಿ, ಮಾತು ಮತ್ತು ಖರ್ಚು ಒಟ್ಟಿಗೇ ಹೆಚ್ಚಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಎರಡು ಖಾತೆ

ಸಂಬಳ ಅಥವಾ ಭತ್ಯೆ ಮೊದಲ ಖಾತೆಗೆ ಬರಲಿ. ಬಿಲ್ಲುಗಳೆಲ್ಲ ಅಲ್ಲಿಂದಲೇ ತಾನಾಗಿ ಪಾವತಿಯಾಗಲಿ. ಅದರ ಕಾರ್ಡ್ ಫೋನಿನಲ್ಲಿ ಇರಬಾರದು. ಎರಡನೆಯ ಖಾತೆಗೆ ಪ್ರತಿ ವಾರ ಒಂದೇ ದಿನ, ಒಂದೇ ಮೊತ್ತ ವರ್ಗವಾಗಲಿ. ಇದಕ್ಕೆ ಡೆಬಿಟ್ ಕಾರ್ಡ್ ಮಾತ್ರ; ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಬೇಡ, ಕಂತಿನ ಸಾಲದ ಸೌಲಭ್ಯವೂ ಬೇಡ. ತಿಂಗಳ ಹಣವನ್ನು ಒಟ್ಟಿಗೆ ಕೊಟ್ಟರೆ ಮೊದಲ ವಾರಕ್ಕೇ ಮುಗಿದು ಉಳಿದ ಮೂರು ವಾರ ಜಗಳವಾಗುತ್ತದೆ.

ಮೊತ್ತವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸುವುದು ಹೆಚ್ಚಿನವರು ಮಾಡುವ ತಪ್ಪು. ಇಷ್ಟದ ವಸ್ತುಗಳಿಗೆ ಈಗ ತಿಂಗಳಿಗೆ 100 ಪಾಲು ಹೋಗುತ್ತಿದ್ದರೆ ಮೊದಲ ತಿಂಗಳು 90, ಅದು ನೆಲೆಯೂರಿದ ಮೇಲೆ 80. ಈಗಾಗಲೇ ಬಿಲ್ಲು ಕಟ್ಟಲಾಗದ ಸ್ಥಿತಿ ಬಂದಿದ್ದರೆ ಮಾತ್ರ ಬೇಗ ಇಳಿಸಿ, ಆಗಲೂ ಸೊನ್ನೆಗೆ ತರಬೇಡಿ.

ಕೊಳ್ಳುವ ದಾರಿಗೆ ಉಬ್ಬುಗಳು

ಎಲ್ಲ ಅಂಗಡಿ ಆ್ಯಪ್‌ಗಳಿಂದ ಉಳಿಸಿಟ್ಟ ಕಾರ್ಡ್ ಸಂಖ್ಯೆ ಅಳಿಸಿ. ಬ್ರೌಸರ್ ತಾನಾಗಿ ತುಂಬುವ ಕಾರ್ಡ್ ವಿವರವನ್ನೂ ಮರೆಯದೆ ತೆಗೆಯಿರಿ. ಆ್ಯಪ್‌ನಲ್ಲಿ ಅಳಿಸಿ ಬ್ರೌಸರ್‌ನಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ರಿಯಾಯಿತಿ ನೋಟಿಫಿಕೇಶನ್ ಬಂದ್ ಮಾಡಿ, ಆಟಗಳೊಳಗಿನ ಖರೀದಿಗೆ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆ ಹೊಂದಿಸಿ.

ಅದರ ಜೊತೆ 72 ಗಂಟೆಯ ನಿಯಮ. ಬೇಕೆನಿಸಿದ ವಸ್ತುವಿನ ಹೆಸರು, ಬೆಲೆ, 72 ಗಂಟೆ ಕಳೆದ ಮೇಲೆ ಅದನ್ನು ಕೊಳ್ಳಬಹುದಾದ ದಿನ ಮತ್ತು ಗಂಟೆ ಒಂದು ಪುಸ್ತಕದಲ್ಲಿ ಬರೆಯಬೇಕು. "ಆಮೇಲೆ ನೋಡೋಣ" ಎಂಬ ಮಾತು ಇಲ್ಲಿ ನಡೆಯದು. ಆಮೇಲೆ ಎಂದರೆ ಯಾವಾಗ ಎಂದು ತಿಳಿಯದೆ ಆತಂಕ ಹೆಚ್ಚುತ್ತದೆ, ಕೈ ಮತ್ತೆ ಫೋನಿಗೇ ಹೋಗುತ್ತದೆ. ಗಡುವು ಮುಗಿದಾಗ ಇನ್ನೂ ಬೇಕೆನಿಸಿದರೆ, ವಾರದ ಹಣದಲ್ಲಿ ಅದು ಹಿಡಿಸುವುದಾದರೆ, ಕೊಳ್ಳಲಿ. ಆಗ ನೀವು ಮೂಗು ಮುರಿದರೆ ನಿಯಮದ ಮೇಲಿನ ನಂಬಿಕೆಯೇ ಹೋಯಿತು.

ಖಾಲಿಯಾದ ಜಾಗಕ್ಕೆ

ಸಂಗ್ರಹದ ಹುಚ್ಚಿದ್ದವರಿಗೆ ಇರುವ ವಸ್ತುಗಳ ಫೋಟೊ ತೆಗೆದು, ಸಂಖ್ಯೆ ಕೊಟ್ಟು ಪಟ್ಟಿ ಮಾಡುವುದು ಚೆನ್ನಾಗಿ ಒಗ್ಗುತ್ತದೆ. ಒಂದೇ ವಸ್ತು ಎರಡೆರಡು ಬಂದದ್ದೂ ಬಯಲಾಗುತ್ತದೆ. ಪಾರ್ಸೆಲ್ ಕಾಯುವುದೇ ಸುಖವಾದವರಿಗೆ ವಾರದ ಎಲ್ಲ ಆರ್ಡರ್‌ಗಳನ್ನೂ ಒಂದೇ ದಿನಕ್ಕೆ ಸೇರಿಸಿ.

ನಿಯಮ ಮುರಿದಾಗ

ಮುರಿಯುತ್ತದೆ. ಆಗ ಹೀಗೆ ಮಾಡುತ್ತೇವೆಂದು ಮೊದಲೇ ಬರೆದು ಇಬ್ಬರೂ ಸಹಿ ಹಾಕಿರಿ: ಅದೇ ದಿನ ಆರ್ಡರ್ ರದ್ದು ಮಾಡಲು ಯತ್ನಿಸುವುದು, ಬಿಚ್ಚದ ಪೊಟ್ಟಣವನ್ನು ವಾಪಸಾತಿಯ ಗಡುವಿನೊಳಗೆ ಕಳಿಸುವುದು, ಉಳಿದ ಹೊರೆಯನ್ನು ಮುಂದಿನ ನಾಲ್ಕು ವಾರದ ಹಣದಿಂದ ಸಮನಾಗಿ ಕಳೆಯುವುದು. ಗುಟ್ಟಾಗಿ ಸಾಲ ತೀರಿಸಿಬಿಟ್ಟರೆ ಹಣ ಹೋದದ್ದೇ ಅವರ ಅರಿವಿಗೆ ಬರುವುದಿಲ್ಲ. ಶಿಕ್ಷೆಯೆಂದು ಸಂಗ್ರಹವನ್ನು ಬೀಗ ಹಾಕಿಟ್ಟರೆ ಮುಂದಿನ ಪಾರ್ಸೆಲ್ ಬೇರೊಬ್ಬರ ವಿಳಾಸಕ್ಕೆ ಬರುತ್ತದೆ.