ಸ್ವಿಚ್ ಹಾಕಿದ ಮೇಲೆ ಮೂರೂವರೆ ಸೆಕೆಂಡ್

ಬೆಟಗೇರಿಯ ಒಂದು ಸೀರೆ ಅಂಗಡಿಯಿಂದ ಫೋನ್ ಬಂತು. "ಒಂದೊಂದ ಲೈಟ್ ಒಂದೊಂದ ಟೈಮಿಗೆ ಹತ್ತತಾವ್ರೀ, ವೈರಿಂಗ್ ಕೆಟ್ಟೈತೇನ್ ನೋಡ್ರಿ" ಅಂದರು. ಹೋದೆ. ಒಟ್ಟು 12 ಎಲ್‌ಇಡಿ ಪ್ಯಾನಲ್, ಎಲ್ಲ ಒಂದೇ ಮಾಡೆಲ್, ಒಂದೇ ದಿನ ತಂದವು. ಹತ್ತು ಲೈಟು ಸ್ವಲ್ಪ ಹಿಂದೆಮುಂದೆ ಹತ್ತಿದವು. ಎರಡು ಮಾತ್ರ ತುಂಬಾ ತಡ. ಸಂಜೆ ವೋಲ್ಟೇಜ್ ಇಳಿದಾಗ ಇನ್ನೂ ಜಾಸ್ತಿ ತಡ ಅಂತೆ.

ಕಣ್ಣಂದಾಜಿನ ಮೇಲೆ ನನಗೆ ನಂಬಿಕೆ ಇಲ್ಲ. ಅದೇ ಸ್ವಿಚ್ಚಿಗೆ ಒಂದು ಹಳೇ ಫಿಲಮೆಂಟ್ ಬಲ್ಬು ಜೋಡಿಸಿದೆ, ಅದು ಸ್ವಿಚ್ ಹಾಕಿದ ಕೂಡಲೇ ಹತ್ತುತ್ತದೆ. ಬಲ್ಬೂ ಪ್ಯಾನಲ್ಲೂ ಒಟ್ಟಿಗೆ ಕಾಣುವಂತೆ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ, ಸೆಕೆಂಡಿಗೆ 240 ಫ್ರೇಮ್. ಬಲ್ಬು ಕೆಂಪಾದ ಫ್ರೇಮಿನಿಂದ ಎಣಿಸುತ್ತಾ ಹೋದರೆ ಆಯ್ತು. ಹತ್ತು ಲೈಟಿಗೆ 0.4ರಿಂದ 0.65 ಸೆಕೆಂಡ್. ಆ ಎರಡಕ್ಕೆ 3.5ರ ಹತ್ತಿರ. ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಡಬ್ಬಿ, ಅದನ್ನು ಸರಿಯಾದ ಲೈಟಿನದರ ಜೊತೆ ಅದಲು ಬದಲು ಮಾಡಿದೆ, ತಡವೂ ಡ್ರೈವರಿನ ಜೊತೆಗೇ ಹೋಯಿತು. ವೈರಿಂಗ್ ತಪ್ಪಲ್ಲ.

ಡ್ರೈವರಿನ ಒಳಗೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅಲ್ಲಿಂದ ಹೆಚ್ಚು ಓಮ್ ಇರುವ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಮೂಲಕ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಕೂಡಿಡುವ ಭಾಗ) ಮೆಲ್ಲಗೆ ತುಂಬಬೇಕು. ಅದು 16 ವೋಲ್ಟ್ ಮುಟ್ಟಿದ ಮೇಲೇ ಡ್ರೈವರನ್ನು ನಡೆಸುವ ಚಿಪ್, ಅಂದರೆ ಐಸಿ, ಏಳುವುದು. ರೆಸಿಸ್ಟರ್ ಒಂದು ಮೆಗಾ ಓಮ್ ಇದ್ದರೆ ಇದಕ್ಕೆ ಅರ್ಧ ಸೆಕೆಂಡ್ ಬೇಕು. ಕೆಪಾಸಿಟರಿನಲ್ಲಿ 20 ಪರ್ಸೆಂಟ್ ಹೆಚ್ಚುಕಡಿಮೆ ಇರುವುದು ಮಾಮೂಲಿ. ಹಾಗಾಗಿ ಆ ಹತ್ತು ಲೈಟಿನ ವ್ಯತ್ಯಾಸ ದೋಷವೇ ಅಲ್ಲ.

ನಾನು ಮೊದಲು ತಪ್ಪು ದಾರಿ ಹಿಡಿದೆ. ಬೇಗ ತುಂಬಲಿ ಅಂತ 4.7 ಮೈಕ್ರೋಫ್ಯಾರಡ್ ಹಾಕಿದೆ. ಲೈಟು ಬೇಗ ಹತ್ತಿತು, ಆದರೆ ಪಕ್ ಪಕ್ ಅನ್ನತೊಡಗಿತು! ಐಸಿ ಎದ್ದ ಮೇಲೆ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತಂತಿಸುತ್ತಿನಿಂದ ಅದಕ್ಕೆ ಕರೆಂಟ್ ಸಿಗಬೇಕು. ಅಲ್ಲಿಯವರೆಗೆ ಈ ಕೆಪಾಸಿಟರೇ ಸಾಕಬೇಕು. ಚಿಕ್ಕದು ನಡುವೆಯೇ ಖಾಲಿ ಆಗುತ್ತಿತ್ತು. ಅದನ್ನು ತೆಗೆದು ಮತ್ತೆ 10 ಹಾಕಿದೆ.

ಆಮೇಲೆ ಲೆನ್ಸ್ ಹಿಡಿದು ಬೋರ್ಡ್ ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕ ಎರಡು ರೆಸಿಸ್ಟರ್, ಮೇಲೆ 514 ಅಂತ ಬರಹ. ಅಂದರೆ 51ರ ಮುಂದೆ ನಾಲ್ಕು ಸೊನ್ನೆ, 510 ಕಿಲೋ ಓಮ್. ಸಾಲಾಗಿರುವ ಎರಡೂ ಸೇರಿ ಆ ಒಂದು ಮೆಗಾ ಓಮ್. ಬಣ್ಣ ಕೂಡ ಮಾಸಿಲ್ಲ. ಬೋರ್ಡಿನ ಮೇಲೇ ಅಳೆದರೆ ಮೀಟರ್ ದಾರಿ ತಪ್ಪಿಸುತ್ತದೆ, ಅದಕ್ಕೇ ಬಿಚ್ಚಿ ಅಳೆದೆ. ಒಂದು 508 ಕಿಲೋ ಓಮ್. ಇನ್ನೊಂದು 4.2 ಮೆಗಾ ಓಮ್! ಇಷ್ಟು ಚಿಕ್ಕ, 0805 ಅನ್ನುವ ಸೈಜಿನ ರೆಸಿಸ್ಟರ್ ಸಾಮಾನ್ಯವಾಗಿ ತಡೆಯುವುದು 150 ವೋಲ್ಟ್. ಇಲ್ಲಿ ಒಂದೊಂದರ ಮೇಲೂ 150 ದಾಟಿ ಬೀಳುತ್ತಿತ್ತು. ಹೀಗೆ ವಿನ್ಯಾಸ ಮಾಡಿದ್ದು ನೋಡಿ ಸಿಟ್ಟೇ ಬಂತು. ಎರಡು ರೂಪಾಯಿ ಉಳಿಸಲು ಹೋಗಿ ಗಿರಾಕಿಗೆ ತೊಂದರೆ, ಅಲ್ವಾ?

ಎರಡೂ ಡ್ರೈವರಿನಲ್ಲಿ ಆ ಜೋಡಿ ರೆಸಿಸ್ಟರಿನ ಜಾಗದಲ್ಲಿ ಕಾಲು ವ್ಯಾಟಿನ, ತಂತಿಯ ಕಾಲಿರುವ 330 ಕಿಲೋ ಓಮ್ ರೆಸಿಸ್ಟರ್ ಮೂರನ್ನು ಸಾಲಾಗಿ ಹಾಕಿದೆ. ಒಂದೊಂದಕ್ಕೆ 110 ವೋಲ್ಟ್ ಕೂಡ ಬರುವುದಿಲ್ಲ. ಒಂದು ಮಾತು: ಕರೆಂಟ್ ತೆಗೆದರೂ ಆ 325 ವೋಲ್ಟ್ ಹಿಡಿದಿಡುವ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಫಿಲಮೆಂಟ್ ಬಲ್ಬು ಹಾಕಿದ ಹೋಲ್ಡರಿನ ಎರಡೂ ವೈರ್ ಅದರ ಎರಡೂ ಕಾಲಿಗೆ ಮುಟ್ಟಿಸಿ ಖಾಲಿ ಮಾಡಿಯೇ ಕೈ ಹಾಕಿ.

ಮತ್ತೆ ವಿಡಿಯೋ ತೆಗೆದೆ. ಎರಡೂ 0.5ರ ಆಸುಪಾಸು. ಸಂಜೆ 180 ವೋಲ್ಟಿನಲ್ಲೂ ಮುಕ್ಕಾಲು ಸೆಕೆಂಡ್ ದಾಟಲಿಲ್ಲ. ಉಳಿದ ಹತ್ತರಲ್ಲೂ ಅದೇ ಚಿಕ್ಕ ರೆಸಿಸ್ಟರ್ ಇವೆ. ಅಂಗಡಿ ರಜೆ ಇರುವ ದಿನ ಅವನ್ನೂ ಇಳಿಸಿ ಬದಲಾಯಿಸುತ್ತೇನೆ ಅಂತ ಹೇಳಿ ಬಂದಿದ್ದೇನೆ.