ಇಥಿಯೋಪಿಯಾದ ಅಕ್ಕ, ಹಾಸನದ ರೂಮು, ಒಂದೇ ತಟ್ಟೆ: ನನ್ನ ಅನುಭವ

ನಾನು 2018ರಲ್ಲಿ ಹಾಸನದಲ್ಲಿ ಎಂಎಸ್ಸಿಗೆ ಸೇರಿದಾಗ ನಮ್ ಕಾಲೇಜಲ್ಲಿ ಹೊರದೇಶದ ಸ್ಟೂಡೆಂಟ್ಸ್ ಕೈಬೆರಳಲ್ಲಿ ಎಣಿಸೋಷ್ಟು ಜನ ಇದ್ರು. ಅದ್ರಲ್ಲಿ ಒಬ್ಳು ಇಥಿಯೋಪಿಯಾದ ಜಿಮ್ಮಾ ಕಡೆಯವಳು, ಭಾರತ ಸರ್ಕಾರದ ಐಸಿಸಿಆರ್ ಸ್ಕಾಲರ್‌ಶಿಪ್ ಮೇಲೆ ಪಿಎಚ್‌ಡಿಗೆ ಬಂದಿದ್ಲು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಹೆಸ್ರು ಹಾಕಲ್ಲ, ನಾನು ಕರೀತಿದ್ದ ಹಾಗೆ ಅಕ್ಕ ಅಂತಲೇ ಬರೀತೀನಿ. ಈಗ ನಮ್ಮ ಜೂನಿಯರ್ಸ್ ಕೆಲವ್ರು ಕೇಳ್ತಾರೆ, ಹೊರದೇಶದವ್ರ ಜೊತೆ ಹಾಯ್ ಬಾಯ್ ಬಿಟ್ಟು ಮುಂದೆ ಹೋಗೋದೇ ಇಲ್ಲ, ನೀವು ಹೆಂಗೆ ಮಾಡಿದ್ರಿ ಅಂತ. ಅದಕ್ಕೆ ಕೂತು ಬರೀತಿದೀನಿ.

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ಸಹಾಯ. ಸಿಮ್ ಕೊಡ್ಸಿದ್ದು, ಬ್ಯಾಂಕ್ ಅಕೌಂಟ್ ಮಾಡ್ಸಿದ್ದು, ಕಟ್ಟಿನಕೆರೆ ಮಾರ್ಕೆಟ್‌ಗೆ ಕರ್ಕೊಂಡು ಹೋಗಿದ್ದು, ಬೇಲೂರು ಹಳೇಬೀಡು ತೋರ್ಸಿದ್ದು. ಇದೆಲ್ಲ ಬೇಕಾಗಿದ್ದೇ, ಬೇಡ ಅಂತ ಹೇಳ್ತಿಲ್ಲ. ವಿದ್ಯಾನಗರದಲ್ಲಿ ರೂಮ್ ಹುಡ್ಕಿದ್ದಂತೂ ದೊಡ್ಡ ಕೆಲಸ, ಫೋನಲ್ಲಿ ಖಾಲಿ ಇದೆ ಅಂದವ್ರು ಅಕ್ಕನ ಮುಖ ನೋಡಿದ ತಕ್ಷಣ ನೆಂಟ್ರು ಬರ್ತಾರೆ, ಪೇಂಟ್ ಮಾಡಿಸ್ಬೇಕು ಅಂತ ಏನಾದ್ರೂ ಹೇಳಿ ಬಾಗ್ಲು ಹಾಕ್ತಿದ್ರು. ನಾಲ್ಕನೇ ಮನೆ ಹೊತ್ತಿಗೆ ನಂಗೆ ಅಳು ಬರೋ ಹಾಗಾಗಿತ್ತು, ಅಕ್ಕ ಮಾತ್ರ ಸುಮ್ನೆ ನಡೀತಿದ್ಲು. ಕೊನೆಗೆ ಒಬ್ರು ಆಂಟಿ ಒಪ್ಪಿದ್ರು, ಅವ್ರಿಗಿದ್ದಿದ್ದು ಪೊಲೀಸ್ ಭಯ ಅಷ್ಟೇ. ಹೊರದೇಶದವ್ರನ್ನ ಮನೇಲಿ ಇಟ್ಕೊಂಡ್ರೆ 24 ಗಂಟೆ ಒಳಗೆ ಅದನ್ನ ತಿಳಿಸೋ ಸಿ ಫಾರ್ಮ್ ಅನ್ನೋದನ್ನ ಆನ್‌ಲೈನಲ್ಲಿ ಹಾಕ್ಬೇಕಿತ್ತು, 180 ದಿನಕ್ಕಿಂತ ಜಾಸ್ತಿ ವೀಸಾ ಇರೋ ಸ್ಟೂಡೆಂಟ್ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಆಫೀಸಲ್ಲಿ ರಿಜಿಸ್ಟರ್ ಮಾಡ್ಕೋಬೇಕಿತ್ತು, ಇದನ್ನ ಆಂಟಿ ಪಕ್ಕ ಕೂತು ಅವ್ರ ಮೊಬೈಲಲ್ಲೇ ಒಂದೊಂದಾಗಿ ತುಂಬಿ ತೋರಿಸ್ದೆ. ಕಾಗದಪತ್ರ ಸರಿ ಇದ್ರೆ ಭಯ ಅರ್ಧ ಕಮ್ಮಿ ಆಗತ್ತೆ. ನೀವೂ ಯಾರಿಗಾದ್ರೂ ಮನೆ ಹುಡುಕ್ತಿದ್ರೆ ಈಗಿನ ರೂಲ್ಸ್ ಏನಿದೆ ಅಂತ ನೋಡ್ಕೊಂಡು ಓನರ್‌ಗೆ ಮೊದಲೇ ಹೇಳಿಬಿಡಿ.

ಆದ್ರೆ ಇಷ್ಟೆಲ್ಲ ಮಾಡಿದ್ರೂ ನಾವು ಫ್ರೆಂಡ್ಸ್ ಆಗಿರ್ಲಿಲ್ಲ. ನಾನು ಕೊಡೋಳು, ಅವ್ಳು ತಗೊಳೋಳು. ಪ್ರತಿ ಸಲ ಥ್ಯಾಂಕ್ಸ್ ಹೇಳೋಳು, ನಂಗೂ ಅದು ಕೇಳೋಕೆ ಹಿತವಾಗ್ತಿತ್ತು, ಅದೇ ತಪ್ಪಾಗ್ತಿದ್ದಿದ್ದು ಅಂತ ಆಗ ಗೊತ್ತಾಗ್ಲಿಲ್ಲ.

2019ರ ಜನವರಿಲಿ ಅಕ್ಕ ನನ್ನನ್ನ ಮತ್ತೆ ನಮ್ ಕ್ಲಾಸಿನ ಇನ್ನಿಬ್ರನ್ನ ರೂಮಿಗೆ ಊಟಕ್ಕೆ ಕರೆದ್ಲು. ಅವ್ರ ಊರಲ್ಲಿ ಟೆಫ್ ಅಂತ ಸಣ್ಣ ಧಾನ್ಯದ ಹಿಟ್ಟು ಹುಳಿ ಬರ್ಸಿ ಇಂಜೆರಾ ಮಾಡ್ತಾರೆ, ನಮ್ಮ ದೋಸೆ ತರಾನೇ ಆದ್ರೆ ದೊಡ್ಡದು, ಮೆತ್ತಗೆ, ಒಂದೇ ಕಡೆ ಬೇಯ್ಸೋದು, ಮೇಲೆಲ್ಲ ತೂತು ತೂತು. ಆ ತೂತಿಗೆ ಅವ್ರು ಕಣ್ಣು ಅಂತಾರೆ. ಹಾಸನದಲ್ಲಿ ಟೆಫ್ ಎಲ್ಲಿ ಸಿಗ್ಬೇಕು, ಅಕ್ಕ ರಾಗಿಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಮೂರು ದಿನ ಹುಳಿ ಬರ್ಸಿ ದೋಸೆ ಕಾವಲಿ ಮೇಲೆ ಹುಯ್ದಿದ್ಲು. ಜೊತೆಗೆ ಶಿರೋ ಅನ್ನೋ ಕಡ್ಲೆಹಿಟ್ಟಿನ ಗೊಜ್ಜು, ಬೇಳೆ, ಎಲೆಕೋಸು. ಎಲ್ಲಾನೂ ಒಂದೇ ದೊಡ್ಡ ತಟ್ಟೇಲಿ ಬಡಿಸಿ ಮಧ್ಯ ಇಟ್ಲು. ನಾಲ್ಕು ಜನ, ಒಂದು ತಟ್ಟೆ.

ನಂಗೆ ಕೈ ಮುಂದೆ ಹೋಗ್ಲೇ ಇಲ್ಲ. ಎಂಜಲು ಅನ್ನೋದು ನಮ್ಮಲ್ಲಿ ಎಷ್ಟು ಆಳಕ್ಕೆ ಕೂತಿದೆ ಅಂತ ಅವತ್ತೇ ಗೊತ್ತಾಗಿದ್ದು. ನಮ್ಮಜ್ಜಿ ಲೋಟಕ್ಕೆ ತುಟಿ ತಾಗಿಸ್ದೆ ಎತ್ತಿ ಕುಡಿಯೋಳು, ತಿಂತಾ ಇರೋ ಕೈಯಲ್ಲಿ ಸೌಟು ಮುಟ್ಟಿದ್ರೆ ಬೈಯೋಳು, ಅದನ್ನೇ ನೋಡ್ಕೊಂಡು ಬೆಳೆದೋಳು ನಾನು. ಅಷ್ಟರಲ್ಲಿ ಅಕ್ಕ ಇಂಜೆರಾ ಮುರಿದು ಪಲ್ಯ ಸುತ್ತಿ ನನ್ನ ಬಾಯಿ ಹತ್ರ ಹಿಡಿದ್ಲು. ಅದಕ್ಕೆ ಗುರ್ಶಾ ಅಂತಾರೆ, ತಮ್ಮ ಕೈಯಾರೆ ಇನ್ನೊಬ್ರ ಬಾಯಿಗೆ ತುತ್ತು ಇಡೋದು, ಪ್ರೀತಿ ಗೌರವ ತೋರ್ಸೋಕೆ ಕೊಡೋದು. ನಾನು ಹಿಂದೆ ಸರಿದು, ನಗ್ತಾನೇ, ನಂಗೆ ಬೇರೆ ಪ್ಲೇಟ್ ಸಿಗತ್ತಾ ಅಂತ ಕೇಳಿದೆ. ಅಕ್ಕ ಎದ್ದು ಸ್ಟೀಲ್ ತಟ್ಟೆ ತಂದು ಕೊಟ್ಲು. ಏನೂ ಹೇಳ್ಲಿಲ್ಲ. ಊಟದ ಮಧ್ಯ ಮಾತೂ ಬರ್ಲಿಲ್ಲ. ಅವ್ಳು ನಮ್ಮನೇಲಿ, ಮೆಸ್ಸಲ್ಲಿ, ನನ್ನ ಫ್ರೆಂಡ್ಸ್ ಮನೇಲಿ ಬಡಿಸಿದ್ದನ್ನೆಲ್ಲ ತಿಂದಿದ್ಲು, ಸೇರದೇ ಇದ್ದಿದ್ದನ್ನೂ. ಅವ್ಳು ಮೊದಲ ಸಲ ಬಡಿಸಿದಾಗ ನಾನು ಬೇರೆ ತಟ್ಟೆ ಕೇಳಿದ್ದೆ.

ಆಮೇಲೆ ಎರಡು ವಾರ ಲ್ಯಾಬಲ್ಲಿ ಸಿಕ್ರೂ ಹೂಂ ಊಹೂಂ ಅಷ್ಟೇ. ನಾನು ಸಾರಿ ಅಂತ ಮೆಸೇಜ್ ಟೈಪ್ ಮಾಡಿ ಮಾಡಿ ಅಳಿಸ್ದೆ. ಕೊನೆಗೊಂದು ಭಾನುವಾರ ಸುಮ್ನೆ ಹೋಗಿ ಬಾಗ್ಲು ತಟ್ಟಿ, ಹಸಿವಾಗ್ತಿದೆ, ಊಟ ಹಾಕ್ತೀರಾ ಅಂತ ಕೇಳಿದೆ. ಕೂತ್ಕೊಂಡು ಎಂಜಲು ಅಂದ್ರೇನು ಅಂತ ವಿವರಿಸ್ದೆ, ನಿಮ್ಮ ಕೈ ಗಲೀಜು ಅಂತಲ್ಲ, ಸ್ವಂತ ಅಮ್ಮನ ತಟ್ಟೇಲೂ ನಾನು ತಿನ್ನಲ್ಲ ಅಂದೆ. ಅಕ್ಕ ಹೇಳಿದ್ಲು, ನಮ್ಮನೇಲಿ ಜಗಳ ಆದಾಗ ಮಾತ್ರ ಬೇರೆ ತಟ್ಟೆ ಇಟ್ಕೊಂಡು ತಿಂತೀವಿ, ನನ್ನ ಮೇಲೆ ನಿಂಗೇನು ಸಿಟ್ಟು ಅಂತ ಎರಡು ವಾರದಿಂದ ಯೋಚ್ನೆ ಮಾಡ್ತಿದ್ದೆ ಅಂತ. ಆಗ ನಂಗೆ ನಮ್ಮಜ್ಜಿ ಬೆಳದಿಂಗಳ ಊಟ ನೆನಪಾಯ್ತು. ಅದೇ ಎಂಜಲು ಅಂತ ಬೈಯೋ ಅಜ್ಜಿ, ಅಂಗಳದಲ್ಲಿ ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸ್ಕೊಂಡು ದೊಡ್ಡ ಪಾತ್ರೇಲಿ ಅನ್ನ ಸಾರು ಕಲಸಿ ಒಬ್ಬೊಬ್ರಿಗೆ ಕೈತುತ್ತು ಹಾಕ್ತಿದ್ಲಲ್ಲ. ಅದನ್ನ ಹೇಳಿದೆ. ಅಕ್ಕ ಜೋರಾಗಿ ಉಸಿರು ಒಳಗೆ ಎಳ್ಕೊಂಡ್ಲು, ನಮಗೆಲ್ಲ ಮೊದಮೊದಲು ಅವ್ಳಿಗೆ ಏನೋ ಗಾಬರಿ ಆಯ್ತು ಅನ್ಸೋದು, ಅದು ಅವ್ರ ಕಡೆ ಹೌದು ಹೌದು ಅನ್ನೋ ರೀತಿ. ಅವತ್ತು ಗುರ್ಶಾ ತಿಂದೆ. ಗಂಟಲಲ್ಲಿ ಇಳಿಯೋಕೆ ಸ್ವಲ್ಪ ಹೊತ್ತು ಹಿಡೀತು, ನಿಜ ಹೇಳ್ತೀನಿ. ಮೂರನೇ ಭಾನುವಾರದ ಹೊತ್ತಿಗೆ ತಟ್ಟೆ ಒಂದೇ ಅನ್ನೋದೇ ಮರೆತು ಹೋಗಿತ್ತು.

ಅಲ್ಲಿಂದ ನಾನು ಬದಲಾಯಿಸಿದ್ದು ಒಂದೇ. ಅಕ್ಕನಿಗೆ ಏನು ಬೇಕು ಅಂತ ಕೇಳೋದು ನಿಲ್ಲಿಸಿ, ನಂಗೆ ಬೇಕಾಗಿದ್ದನ್ನ ಅವ್ಳ ಹತ್ರ ಕೇಳೋಕೆ ಶುರು ಮಾಡಿದೆ. ಥೀಸಿಸ್‌ನ ಅಂಕಿಅಂಶ ನಂಗೆ ಅರ್ಥ ಆಗ್ತಿರ್ಲಿಲ್ಲ, ಅವ್ಳು ಹೇಳ್ಕೊಟ್ಲು. ಮನೇಲಿ ಮದ್ವೆ ಮಾತು ಎತ್ತಿದಾಗ ಯಾರ ಹತ್ರಾನೂ ಹೇಳೋಕಾಗದೆ ಅವ್ಳ ಹತ್ರ ಹೇಳ್ಕೊಂಡು ಅತ್ತೆ. ಇದರ ಜೊತೆಗೆ ಅಕ್ಷರ. ಅಕ್ಕ ಆಡೋ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಲಿಪೀಲಿ ಒಂದೊಂದು ವ್ಯಂಜನಕ್ಕೂ ಏಳು ರೂಪ, ಲೆ ಲು ಲಿ ಲಾ ಲೇ ಲ್ ಲೊ ಅಂತ ಹೋಗತ್ತೆ, ನಮ್ಮ ಕಾಗುಣಿತಾನೇ! ಅದಕ್ಕೇ ಅಕ್ಕ ಕನ್ನಡ ಓದೋದನ್ನ ಬೇಗ ಹಿಡಿದುಬಿಟ್ಲು, ಬಸ್ ಬೋರ್ಡು ಓದೋಕೆ ಒಂದು ತಿಂಗಳೂ ಬೇಕಾಗ್ಲಿಲ್ಲ. ಒತ್ತಕ್ಷರದಲ್ಲಿ ಮಾತ್ರ ಒದ್ದಾಡ್ತಿದ್ಲು. ನಮ್ಮಲ್ಲಿ ನೀನು ನೀವು ಇರೋ ಹಾಗೆ ಅವ್ರಲ್ಲೂ ದೊಡ್ಡವ್ರಿಗೆ ಬೇರೆ ಮಾತು, ಜೊತೆಗೆ ನೀನು ಅನ್ನೋದ್ರಲ್ಲೇ ಗಂಡಿಗೆ ‘ಅಂತೆ’, ಹೆಣ್ಣಿಗೆ ‘ಅಂಚಿ’. ನಂಗೆ ಅಂಚಿ ಅನ್ನೋಳು. ನಾನು ಯಾವಾಗ ನೀವು ಬಿಟ್ಟು ನೀನು ಅಂದೆ ಅಂತ ನಂಗೇ ನೆನಪಿಲ್ಲ.

ಗುಂಪಲ್ಲಿ ಇರೋವಾಗ ಒಂದು ಕಷ್ಟ ಇದೆ. ಇಂಗ್ಲಿಷಲ್ಲಿ ಶುರು ಮಾಡ್ತೀವಿ, ನಗು ಬಂತು ಅಂದ್ರೆ ಕನ್ನಡಕ್ಕೆ ಜಾರ್ತೀವಿ, ಅವ್ರು ಮಿಕಿಮಿಕಿ ನೋಡ್ತಾ ಕೂರ್ತಾರೆ. ಕನ್ನಡ ಬಿಡಿ ಅಂದ್ರೆ ಮಾತಿನ ಜೀವಾನೇ ಹೋಗತ್ತೆ. ನಾವು ಮಾಡ್ಕೊಂಡಿದ್ದು ಏನಂದ್ರೆ ಅಕ್ಕನ ಪಕ್ಕ ಕೂತವ್ರು ಆವತ್ತಿನ ಮಾತನ್ನ ಅವ್ಳಿಗೆ ದಾಟಿಸ್ಬೇಕು, ದಿನಾ ಬೇರೆಯವ್ರು ಕೂರ್ಬೇಕು. ಇದ್ರಿಂದ ನನ್ನೊಬ್ಬಳ ಫ್ರೆಂಡ್ ಆಗಿದ್ದೋಳು ಎಲ್ರ ಫ್ರೆಂಡ್ ಆದ್ಲು, ಇದು ಮುಖ್ಯ, ಯಾಕಂದ್ರೆ ಒಬ್ರ ಮೇಲೇ ನಿಂತ್ರೆ ಅವ್ರು ಊರಿಗೆ ಹೋದ ದಿನ ಇವ್ರು ಒಂಟಿ. ಇನ್ನೊಂದು, ಆಟೋದವ್ರ ಹತ್ರ, ಅಂಗಡೀಲಿ ಅವ್ಳ ಬದ್ಲು ನಾನು ಮಾತಾಡೋದು ನಿಲ್ಲಿಸ್ದೆ. ಯಾರಾದ್ರೂ ಕೇಳ್ದೇ ಕೂದ್ಲು ಮುಟ್ಟೋಕೆ ಬಂದ್ರೆ, ಸೆಲ್ಫಿಗೆ ಎಳೆದ್ರೆ ಮಾತ್ರ ನಾನು ಅಡ್ಡ ನಿಲ್ತಿದ್ದೆ. ಬೇಡ ಅನ್ನೋ ಮಾತನ್ನ ಕನ್ನಡದಲ್ಲಿ ಗಟ್ಟಿಯಾಗಿ ಹೇಳೋಕೆ ಅವ್ಳೇ ಕಲ್ತ್ಕೊಂಡ್ಲು.

2020ರ ಮಾರ್ಚಲ್ಲಿ ಕಾಲೇಜು ಮುಚ್ಚಿದಾಗ ಒಂದು ವಾರ ಇದ್ದು ಬರೋಣ ಅಂತ ಅಕ್ಕನ್ನ ಸಕಲೇಶಪುರದ ಹತ್ರ ನಮ್ಮೂರಿಗೆ ಕರ್ಕೊಂಡು ಹೋದೆ. ಅಷ್ಟರಲ್ಲಿ ಲಾಕ್‌ಡೌನ್, ವಿಮಾನಾನೂ ಬಂದ್. ಊರಲ್ಲಿ ಕೆಲವ್ರು ಹೊರದೇಶದವಳು ಕೊರೊನಾ ತಂದಿದಾಳೆ ಅಂತ ಮಾತಾಡಿದ್ರು. ಅವ್ಳು ತಾಯಿ ಮುಖ ನೋಡಿ ಎರಡು ವರ್ಷ ಆಗ್ತಾ ಬಂದಿತ್ತು ಅನ್ನೋದು ಅವ್ರಿಗೆ ಹೆಂಗೆ ಗೊತ್ತಾಗ್ಬೇಕು. ಅಪ್ಪ ಸ್ಟೇಷನ್‌ಗೆ ಹೋಗಿ ತಿಳಿಸಿ, ಸಿ ಫಾರ್ಮೂ ಹಾಕ್ಸಿ, ಕೇಳಿದವ್ರಿಗೆಲ್ಲ ನಮ್ಮನೆ ಮಗಳು ಅಂತ ಹೇಳ್ಕೊಂಡು ಬಂದ್ರು. ಎರಡು ತಿಂಗಳ ಮೇಲೆ ಇದ್ಲು.

ಅಜ್ಜಿಗೆ ಮೊದಲ ವಾರ ಬೇಜಾರು. ಮಜ್ಜಿಗೆ ಬೇಡ ಅಂತಾಳೆ, ತುಪ್ಪ ಬೇಡ ಅಂತಾಳೆ, ನಮ್ಮನೇದು ಆಗಲ್ವಾ ಅಂತ. ಈಸ್ಟರ್ ಮುಂಚೆ ಅವ್ರ ಆರ್ಥಡಾಕ್ಸ್ ಚರ್ಚಿನವ್ರಿಗೆ 55 ದಿನ ಉಪವಾಸ, ಮಾಂಸ ಮೊಟ್ಟೆ ಹಾಲು ತುಪ್ಪ ಏನೂ ಮುಟ್ಟಲ್ಲ, ವರ್ಷದಲ್ಲಿ ಹೆಚ್ಚಿನ ಬುಧವಾರ ಶುಕ್ರವಾರಾನೂ ಹಂಗೇ, ಇದನ್ನ ಹೇಳಿದ್ದೇ ತಡ, ಸೋಮವಾರ ಒಪ್ಪೊತ್ತು ಮಾಡೋ ಅಜ್ಜಿಗೆ ಇವ್ಳ ಮೇಲೆ ಬಂದ ಗೌರವ ನೋಡ್ಬೇಕಿತ್ತು. ಅವತ್ತಿಂದ ಒಗ್ಗರಣೆಗೆ ಮುಂಚೆ ತುಪ್ಪ ಇಲ್ಲದ್ದು ಬೇರೆ ಎತ್ತಿಡೋಳು.

ಅಜ್ಜಿ ಚನ್ನರಾಯಪಟ್ಟಣದ ಕಡೆಯವಳು, ಮುದ್ದೆ ಇಲ್ದೆ ಊಟ ಆಗಲ್ಲ. ಮುದ್ದೆ ತಟ್ಟೆಗೆ ಬಿದ್ದಾಗ ಅಕ್ಕ ಗೆನ್ಫೊ ಗೆನ್ಫೊ ಅಂತ ಕೂಗಿದ್ಲು. ಅವ್ರಲ್ಲೂ ಹಿಟ್ಟು ತೊಳಸಿ ಗಟ್ಟಿ ಮಾಡಿ, ಮಧ್ಯ ಗುಳಿ ತೆಗೆದು ಖಾರ ಹಾಕಿದ ಬೆಣ್ಣೆ ಸುರಿದು ತಿಂತಾರೆ. ರಾಗಿಗೆ ಅಮ್ಹಾರಿಕ್‌ನಲ್ಲಿ ದಗುಸ್ಸಾ ಅಂತಾರೆ. ರಾಗಿ ಮೊದಲು ಬೆಳೆಯಾಗಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಲ್ಲಿ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು ಅಂತ ಅಜ್ಜಿಗೆ ಹೇಳಿದ್ರೆ, ಹಂಗಾರೆ ನಮ್ ರಾಗಿಗೂ ಇವ್ಳಿಗೂ ಒಂದೇ ತವರಾ ಅಂತ ಕೇಳಿದ್ಲು. ನಾನು ಓದಿದ್ದೆಲ್ಲ ಆ ಒಂದು ಮಾತಲ್ಲಿ ಬಂದುಬಿಡ್ತು.

ಅದೇ ಟೈಮಲ್ಲಿ ಹೂಮಳೆ ಬಂತು, ಅಂದ್ರೆ ಕಾಫಿ ಗಿಡ ಹೂ ಬಿಡೋ ಹಾಗೆ ಮಾಡೋ ಬೇಸಿಗೆ ಮಳೆ. ಮಳೆ ಆಗಿ ಒಂಬತ್ತು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆ ತರ ವಾಸನೆ. ನಮ್ದು ಸ್ವಲ್ಪ ತೋಟ ಸೆಲೆಕ್ಷನ್ 9 ಅನ್ನೋ ಕಾಫಿ ತಳಿ, ಅದರ ಒಂದು ಕಡೆಯ ಮೂಲ ಇಥಿಯೋಪಿಯಾದ ತಫಾರಿಕೆಲಾ ಅನ್ನೋ ತಳಿ. ಬಾಬಾಬುಡನ್ ಏಳು ಬೀಜ ತಂದಿದ್ದು ಯೆಮೆನ್‌ನಿಂದ ಅಂತಾರೆ, ಆ ಕಾಫಿಯ ಮೂಲಾನೂ ಇಥಿಯೋಪಿಯಾದ ಕಾಡೇ. ಅಕ್ಕ ಗಿಡದ ಹತ್ರ ಹೋಗಿ ಕೊಂಬೆ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ಲು, ನಾವ್ಯಾರೂ ಮಾತಾಡಿಸ್ಲಿಲ್ಲ.

ಏಪ್ರಿಲ್ 19ಕ್ಕೆ ಅವ್ರ ಈಸ್ಟರ್. ಅಮ್ಮ ನಾಟಿ ಕೋಳಿ ಕೊಯ್ಸಿದ್ರು, ಅಕ್ಕ ಈರುಳ್ಳಿ ಗಂಟೆಗಟ್ಟಲೆ ಬಾಡಿಸಿ ಡೋರೊ ವೊಟ್ ಅನ್ನೋ ಕೋಳಿ ಸಾರು ಮಾಡಿದ್ಲು, ಒಳಗೆ ಬೇಯ್ಸಿದ ಮೊಟ್ಟೆ. ಊಟ ಆದ್ಮೇಲೆ ನಮ್ಮ ತೋಟದ ಬೀಜಾನೇ ಬಾಣಲೇಲಿ ಹುರಿದು, ಹೊಗೆ ಎಲ್ರ ಮುಖದ ಹತ್ರ ಹಿಡಿದು, ಒರಳಲ್ಲಿ ಕುಟ್ಟಿ, ಹಾಸನದಿಂದ ತಂದಿದ್ದ ಜೆಬೆನಾ ಅನ್ನೋ ಮಣ್ಣಿನ ಹೂಜೀಲಿ ಕುದಿಸಿ ಮೂರು ಸುತ್ತು ಕೊಟ್ಲು. ಅಬೋಲ್, ತೋನಾ, ಬರಕಾ, ಮೂರನೇದು ಆಶೀರ್ವಾದದ ಸುತ್ತು, ಅದಕ್ಕೆ ಮುಂಚೆ ಏಳಬಾರ್ದು. ಐವತ್ತು ವರ್ಷ ಕಾಫಿ ಬೆಳೆದ ಮನೇಲಿ ಚಿಕೋರಿ ಇಲ್ಲದ, ಹಾಲಿಲ್ಲದ ಕಾಫಿ ಅಪ್ಪ ಕುಡಿದಿದ್ದು ಅವತ್ತೇ ಮೊದಲು. ಅದಕ್ಕೂ ಮುಂಚೆ, ಊಟಕ್ಕೆ ಕೂತಾಗ, ಅಕ್ಕ ಅಜ್ಜಿಗೆ ಗುರ್ಶಾ ಹಿಡಿದಾಗ ನನ್ನ ಎದೆ ಹೊಡ್ಕೋತಿತ್ತು. ಅಜ್ಜಿ ಒಂದು ಕ್ಷಣ ನೋಡಿ, ಬಾಯಿ ತೆರೆದು, ಆಮೇಲೆ ತನ್ನ ತಟ್ಟೆಯಿಂದ ಒಂದು ತುತ್ತು ಎತ್ತಿ ಅಕ್ಕನ ಬಾಯಿಗೆ ಇಟ್ಲು.

2022ರಲ್ಲಿ ಅಕ್ಕ ಥೀಸಿಸ್ ಮುಗಿಸಿ ಊರಿಗೆ ಹೋದ್ಲು, ಜೆಬೆನಾ ನಮ್ಮನೇಲೇ ಬಿಟ್ಟು. ನಾವು ಸೆಪ್ಟೆಂಬರ್ 11ಕ್ಕೆ ಅವ್ರ ಹೊಸ ವರ್ಷಕ್ಕೆ ಫೋನ್ ಮಾಡ್ತೀವಿ, ಅವ್ಳು ನಮ್ಮ ಹಬ್ಬಕ್ಕೆ ಮಾಡ್ತಾಳೆ. ಮಾರ್ಚ್ ಬಂತು ಅಂದ್ರೆ ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ ಒಂದು ಮೆಸೇಜ್ ಕಳಿಸ್ತಾಳೆ, ಹೂಮಳೆ ಬಂತಾ ಅಂತ.